ಹೂ ಮುಡಿಸಿದರೆ ಸಾಕೇ?

ಓದಲೆಂದು ಅಮೆರಿಕಕ್ಕೆ ಬಂದ ನಾನು ಈ ರಜೆಯಲ್ಲಿ ನೆರೆಮನೆಯ ಅಜ್ಜನ ಹಳೆಯ ವಿಮಾನದ ರಿಪೇರಿಗೆ ಕೈಜೋಡಿಸಿದೆ. ಅದರ ಹೆಸರು 'ಫ್ಲೈ ಬೇಬಿ'. ಪೀಟ್ ಬೋವರ್ಸ್ ವಿನ್ಯಾಸಗೊಳಿಸಿದ, 1962ರ ವಿನ್ಯಾಸ ಸ್ಪರ್ಧೆಯಲ್ಲಿ ಗೆದ್ದ, ಒಬ್ಬರೇ ಕೂರುವ ಮರದ ವಿಮಾನ. ನಕ್ಷೆ ತರಿಸಿಕೊಂಡು ಜನ ಮನೆಯ ಗ್ಯಾರೇಜಿನಲ್ಲೇ ಇದನ್ನು ಕಟ್ಟಿದ್ದಾರೆ.

"ಬಣ್ಣ ಹೊಡೆದರೆ ಸಾಕಲ್ವಾ?" ಎಂದೆ. ಅಜ್ಜ ಮಾತಾಡದೆ ರೆಕ್ಕೆಯ ಬಟ್ಟೆ ಕೊಯ್ದರು. ನೀರು ಬಸಿಯುವ ತೂತು ಕಟ್ಟಿಕೊಂಡು, ಒಳಗಿನ ಮರ ಉಗುರಿಗೇ ಪುಡಿಯಾಗುವಷ್ಟು ಕೊಳೆತಿತ್ತು. ಅದನ್ನು ಕತ್ತರಿಸಿ ಹೊಸ ತುಂಡು ಅಂಟಿಸಿ, ಪಾಲಿಯೆಸ್ಟರ್ ಬಟ್ಟೆ ಹೊದಿಸಿ, ಇಸ್ತ್ರಿಪೆಟ್ಟಿಗೆಯ ಬಿಸಿಯಿಂದ ಬಿಗಿ ಮಾಡುವಷ್ಟರಲ್ಲಿ ರಜೆಯೇ ಮುಗಿಯಿತು.

ಇಲ್ಲಿ ಇಂಥ ವಿಮಾನಕ್ಕೆ 12 ತಿಂಗಳಿಗೊಮ್ಮೆ ತಪಾಸಣೆ ಕಡ್ಡಾಯ. ಕಟ್ಟಿದವರು ಪ್ರಮಾಣಪತ್ರ ಪಡೆದು ತಾವೇ ತಪಾಸಣೆ ಮಾಡಬಹುದು. ವಿಮಾನವನ್ನು ಕೊಂಡವರಾದ ಅಜ್ಜ ರಿಪೇರಿ ತಾವೇ ಮಾಡಿಕೊಂಡರೂ ತಪಾಸಣೆಗೆ ಪರವಾನಗಿಯುಳ್ಳ ಮೆಕ್ಯಾನಿಕ್‌ನ ಸಹಿ ಹಾಕಿಸುತ್ತಾರೆ. "ಸಹಿ ಅವರದು, ಹಾರುವವನು ನಾನು" ಎನ್ನುತ್ತಾರೆ ಅಜ್ಜ.

ಊರಲ್ಲಿ ಆಯುಧಪೂಜೆಗೆ ಬೈಕ್ ತೊಳೆದು, ಚೆಂಡುಹೂ ಮುಡಿಸಿ, ನಿಂಬೆಹಣ್ಣಿನ ಮೇಲೆ ಚಕ್ರ ಹಾಯಿಸುತ್ತೇವೆ. ಬ್ರೇಕ್ ಸವೆದಿದೆಯೇ ಎಂದು ನೋಡುವವರೆಷ್ಟು ಮಂದಿ? ನಾನಂತೂ ನೋಡಿದವನಲ್ಲ. ಹಳೆಯ ಯಂತ್ರವೆಂದು ಮೂಗು ಮುರಿಯಬೇಕಿಲ್ಲ, ಬಿಚ್ಚಿ ನೋಡುವವರಿದ್ದರೆ ಅದನ್ನೂ ನಂಬಬಹುದು. ಈ ಸಲ ಹೂವಿನ ಜೊತೆ ಸ್ಪ್ಯಾನರನ್ನೂ ಕೈಗೆತ್ತಿಕೊಳ್ಳೋಣ.