ಬರೆದದ್ದು ಇಬ್ಬರು, ಬಂದದ್ದು ಐವರು!

ಶನಿವಾರ ಬಂತೆಂದರೆ ಮಡಿಕೇರಿ ರಸ್ತೆಗಳಲ್ಲಿ ಪರವೂರಿನ ಕಾರುಗಳ ಸಾಲು. ಬಸ್ಸಿಗೆ ಕಾದು ನಿಂತವರಿಗೆ ಅದು ತಲೆನೋವು. ಅಂಗಡಿಯವರಿಗೆ ನಾಲ್ಕು ಕಾಸಿನ ವ್ಯಾಪಾರ. ಈ ಪ್ರವಾಸಿಗರಲ್ಲಿ ಎಷ್ಟೋ ಮಂದಿ ಇಳಿಯುವುದು ಹೋಂಸ್ಟೇಗಳಲ್ಲಿ. ಅಲ್ಲಿ ರಾತ್ರಿ ಹೊತ್ತು ಬಾಗಿಲಲ್ಲೇ ಶುರುವಾಗುವ ಒಂದು ಜಗಳವುಂಟು.

"ಇಬ್ಬರಿಗೆ ಬುಕ್ ಮಾಡಿ ಐದು ಮಂದಿ ಬಂದಿದ್ದೀರಲ್ರೀ?"

"ಮಕ್ಕಳು ತಾನೇ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಸಾರ್!"

ಅಡ್ಜಸ್ಟ್ ಮಾಡಿಕೊಳ್ಳುವವರ ಪಾಡೇನು? ಹಾಸಿಗೆ, ಬಿಸಿನೀರು, ಬೆಳಗಿನ ನೂಪುಟ್ಟು ಎಲ್ಲವೂ ಐವರಿಗಾಗಬೇಕು. ದುಡ್ಡು ಮಾತ್ರ ಇಬ್ಬರದು. ಕೊನೆಗೆ "ತಲೆಗೆ ಐನೂರು ಕೊಡಿ" ಎಂದು ಕೈಗೇ ಕಾಸು ಕೇಳುತ್ತಾರೆ. ತಪ್ಪಾಗುವುದು ಇಲ್ಲೇ.

ಏರ್‌ಬಿಎನ್‌ಬಿಯಂಥ ಕಂಪನಿಯ ಮೂಲಕ ಕೋಣೆ ಕೊಡುವವರಿಗೆ ಇದಕ್ಕೆ ನೇರ ದಾರಿಯೇ ಇದೆ. ಬಾಡಿಗೆ ಎಷ್ಟು ಮಂದಿಗೆ, ಅದಕ್ಕಿಂತ ಹೆಚ್ಚಾದರೆ ತಲೆಗೆ ರಾತ್ರಿಗೆ ಎಷ್ಟು ಎಂದು ಮೊದಲೇ ನಮೂದಿಸಬಹುದು. ಉದಾಹರಣೆಗೆ ಇಬ್ಬರ ಮೇಲೆ ತಲೆಗೆ 600 ರೂಪಾಯಿ ಎಂದಿಟ್ಟುಕೊಳ್ಳಿ. ಐವರು ಎರಡು ರಾತ್ರಿ ತಂಗಿದರೆ 3,600 ರೂಪಾಯಿ ಹೆಚ್ಚುವರಿ. ಎರಡು ವರ್ಷದೊಳಗಿನ ಕೂಸುಗಳನ್ನು ಬಿಟ್ಟರೆ ಮಕ್ಕಳೂ ಅಲ್ಲಿ ಲೆಕ್ಕಕ್ಕೆ ಸೇರುತ್ತಾರೆ. ಆದರೆ ಅತಿಥಿ ಸುಳ್ಳು ಲೆಕ್ಕ ಕೊಟ್ಟರೆ ಈ ಹಣ ತಾನಾಗಿ ಬರದು. ಆಗ ಕೂಗಾಡಿ ಫಲವಿಲ್ಲ. ಬುಕಿಂಗಿನಲ್ಲಿ ತಲೆ ಎಣಿಕೆ ತಿದ್ದುವ ಕೋರಿಕೆ ಕಳುಹಿಸಬೇಕು. ಅತಿಥಿ ಒಪ್ಪಿದರೆ ಬಾಕಿ ಹಣ ಕಂಪನಿಯ ಮೂಲಕವೇ ಸಂದಾಯವಾಗುತ್ತದೆ. ಕೈಗೆ ಕಾಸು ಪಡೆಯುವುದು ಕಂಪನಿಯ ನಿಯಮಕ್ಕೆ ವಿರುದ್ಧ. ನಾಳೆ ತಕರಾರು ಬಂದರೆ ಕೈಯಲ್ಲಿ ದಾಖಲೆಯೂ ಇಲ್ಲ.

ಹಣ ಕೈಸೇರುವ ಬಗೆಯೂ ತಿಳಿದಿರಲಿ. ಅತಿಥಿ ಬಂದ ಸುಮಾರು 24 ಗಂಟೆಯ ನಂತರ ಕಂಪನಿ ಹಣ ಬಿಡುತ್ತದೆ. ಖಾತೆಗೆ ಬೀಳಲು ಬ್ಯಾಂಕಿನ ದಿನಗಳು ಬೇರೆ. ಶನಿವಾರದ ಅತಿಥಿಯ ಹಣ ಭಾನುವಾರವೇ ಬರುತ್ತದೆಂದು ದಿನಸಿ ಅಂಗಡಿಗೆ ಮಾತು ಕೊಟ್ಟರೆ, ಬಾಯಿ ಕೇಳಬೇಕಾದವರು ಮನೆಯವರೇ. ಸಾಲ ಬರೆದುಕೊಳ್ಳುವ ಅಂಗಡಿಯವರಿಗೂ ಇದು ಗೊತ್ತಿದ್ದರೆ ಒಳ್ಳೆಯದು.

ಇನ್ನು ತೆರಿಗೆ. 2024ರ ಅಕ್ಟೋಬರಿನಿಂದ ಇಂಥ ಕಂಪನಿಗಳು ಹಿಡಿದುಕೊಳ್ಳುವ ಟಿಡಿಎಸ್ ಶೇಕಡಾ 1ರಿಂದ 0.1ಕ್ಕೆ ಇಳಿದಿದೆ. ಲಕ್ಷ ರೂಪಾಯಿಗೆ 100 ರೂಪಾಯಿ ಅಷ್ಟೆ. ಪ್ಯಾನ್ ನಂಬರು ಕೊಡದಿದ್ದರೆ ಮಾತ್ರ ಶೇಕಡಾ 5, ಅಂದರೆ ಲಕ್ಷಕ್ಕೆ ಐದು ಸಾವಿರ! ಒಂದು ಕಾರ್ಡಿನ ಉದಾಸೀನಕ್ಕೆ ಇಷ್ಟು ದಂಡ ಬೇಕೆ?

ದುಡ್ಡಿಗಿಂತ ದೊಡ್ಡ ಮಾತು ಇನ್ನೊಂದಿದೆ. ಮಳೆಗಾಲದಲ್ಲಿ ಗುಡ್ಡ ಕುಸಿಯುವ ಜಿಲ್ಲೆಯಿದು. 2018ರ ಆಗಸ್ಟನ್ನು ಯಾರೂ ಮರೆತಿಲ್ಲ. ರಾತ್ರೋರಾತ್ರಿ ಅನಾಹುತವಾದರೆ ಮನೆಯೊಳಗೆ ಎಷ್ಟು ಜನ ಇದ್ದರೆಂದು ಹೇಳುವವರಾರು? ರಿಜಿಸ್ಟರಿನಲ್ಲಿ ಇಬ್ಬರೇ ಇದ್ದರೆ ಉಳಿದ ಮೂವರನ್ನು ಹುಡುಕುವವರಾರು?

ಬಸ್ಸಿನಲ್ಲಿ ಶಕ್ತಿ ಯೋಜನೆಯಡಿ ಪುಕ್ಕಟೆ ಹೋಗುವ ಹೆಂಗಸರಿಗೂ ಕಂಡಕ್ಟರು ಶೂನ್ಯ ಟಿಕೆಟ್ ಕೊಡುತ್ತಾರೆ. ದುಡ್ಡಿಲ್ಲದಿದ್ದರೂ ತಲೆ ಲೆಕ್ಕ ಬೇಕು. ಹೋಂಸ್ಟೇಗೂ ಅದೇ ನ್ಯಾಯ. ಹೆಚ್ಚುವರಿ ದರವನ್ನು ಬುಕಿಂಗಿನಲ್ಲೂ ಬಾಗಿಲ ಬಳಿಯೂ ಎದ್ದು ಕಾಣುವಂತೆ ಬರೆಯಲಿ. ಹೋಂಸ್ಟೇ ಮಾಲೀಕರು ಕೂಡಿ ಕುಳಿತು ಇದನ್ನೊಂದು ಪದ್ಧತಿ ಮಾಡಿಕೊಳ್ಳಲಿ. ಪ್ರವಾಸೋದ್ಯಮ ಇಲಾಖೆ ತಪಾಸಣೆಗೆ ಬಂದಾಗ ರಿಜಿಸ್ಟರನ್ನೂ ತಿರುವಿ ನೋಡಲಿ. ಪ್ರೀತಿಯಿದ್ದರೆ ಮಗುವಿನ ದುಡ್ಡು ಬಿಡಲಿ, ಬೇಡವೆಂದವರಾರು? ಲೆಕ್ಕ ಮಾತ್ರ ಬಿಡಬಾರದು.