ತಕ್ಕಡಿಯ ಮಾತು ಕೇಳುವವರಾರು?

ಹೊನ್ನಾವರದಲ್ಲಿರುವ ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಕ್ಯಾನ್ಸರ್ ಚಿಕಿತ್ಸೆಗೆಂದು ದೂರದ ನಗರಕ್ಕೆ ಹೋಗಿಬರುತ್ತಿದ್ದಾರೆ. ಈಚೆಗೆ ಅವರನ್ನು ಕಂಡಾಗ ಕೈಗಡಿಯಾರ ಮೊಣಕೈಯತ್ತ ಜಾರುತ್ತಿತ್ತು. ಕಡತ ಓದುವ ಚಾಳಿ ಬಿಡದ ನಾನು ಅವರ ಚಿಕಿತ್ಸಾ ಪತ್ರಗಳನ್ನು ತಿರುವಿದೆ. ನಾಲ್ಕು ತಿಂಗಳಲ್ಲಿ ತೂಕ 62 ಕಿಲೋದಿಂದ 54ಕ್ಕೆ ಇಳಿದಿತ್ತು. ಪ್ರತಿ ಭೇಟಿಯಲ್ಲೂ ತೂಕ ನಮೂದಾಗಿತ್ತು. ಆಹಾರದ ಬಗ್ಗೆ ಒಂದು ಸಾಲೂ ಇರಲಿಲ್ಲ.

ಕ್ಯಾನ್ಸರ್ ಬಂದವರು ಸೊರಗುವುದು ಸಹಜವೆಂದು ನಾವು ಸುಮ್ಮನಾಗುತ್ತೇವೆ. ವೈದ್ಯವಿಜ್ಞಾನ ಇದನ್ನು ‘ಕ್ಯಾಕೆಕ್ಸಿಯಾ’ ಎಂಬ ಪ್ರತ್ಯೇಕ ಸ್ಥಿತಿಯೆಂದೇ ಗುರುತಿಸಿದೆ. ಅಂತರರಾಷ್ಟ್ರೀಯ ತಜ್ಞರು 2011ರಲ್ಲಿ ಒಪ್ಪಿದ ಮಾನದಂಡಗಳಲ್ಲಿ, ಆರು ತಿಂಗಳಲ್ಲಿ ಶೇ 5ಕ್ಕಿಂತ ಹೆಚ್ಚು ತೂಕ ತಾನಾಗಿ ಇಳಿಯುವುದೂ ಒಂದು. ನನ್ನ ಮಿತ್ರರದು ಸುಮಾರು ಶೇ 13. ರೋಗದ ಉರಿಯೂತ ಹಸಿವನ್ನು ಅಡಗಿಸುತ್ತದೆ, ಸ್ನಾಯುವನ್ನು ಕರಗಿಸುತ್ತದೆ. ಸ್ನಾಯು ಕ್ಷೀಣಿಸಿದವರಲ್ಲಿ ಕಿಮೋಥೆರಪಿಯ ದುಷ್ಪರಿಣಾಮ ಹೆಚ್ಚು. ಔಷಧದ ಪ್ರಮಾಣ ತಗ್ಗಿಸಬೇಕಾಗುತ್ತದೆ ಅಥವಾ ಚಿಕಿತ್ಸೆಯನ್ನೇ ಮುಂದೂಡಬೇಕಾಗುತ್ತದೆ. ಸ್ಥೂಲಕಾಯದವರಲ್ಲಂತೂ ಈ ನಷ್ಟ ಕಣ್ಣಿಗೇ ಬೀಳುವುದಿಲ್ಲ.

ಆಹಾರವೊಂದರಿಂದಲೇ ಇದು ಪೂರ್ತಿ ಸರಿಹೋಗದು, ನಿಜ. ಆದರೆ ಬೇಗ ಗಮನಿಸಿದರೆ ಇಳಿತವನ್ನು ತಗ್ಗಿಸಲು ಸಾಧ್ಯ. ಪ್ರತಿ ಕಿಲೋ ದೇಹತೂಕಕ್ಕೆ ದಿನಕ್ಕೆ 1ರಿಂದ 1.5 ಗ್ರಾಂ ಪ್ರೋಟೀನ್ ಬೇಕೆಂಬುದು ಐರೋಪ್ಯ ಪೋಷಣಾ ತಜ್ಞರ ಮಾರ್ಗಸೂಚಿ. ಭಟ್ಕಳದಿಂದ ಕುಮಟಾದವರೆಗೆ ಕಾಯಿಲೆಯವರಿಗೆ ಸಿಗುವುದು ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ. ನೂರು ಗ್ರಾಂ ಅಕ್ಕಿಯಲ್ಲಿರುವುದು ಸುಮಾರು 7 ಗ್ರಾಂ ಪ್ರೋಟೀನ್. ಮೀನು, ಮೊಟ್ಟೆಗಳು ‘ನಂಜು’ ಎಂದು ದೂರ. ಬಂಗುಡೆ ಹಿಡಿಯುವ ಊರಿನಲ್ಲೇ ರೋಗಿಗೆ ಬಂಗುಡೆ ವರ್ಜ್ಯ! ಶಾಕಾಹಾರಿಗಳಿಗಾದರೂ ಹೆಸರುಕಾಳು, ಮೊಸರನ್ನು ಯಾರು ನೆನಪಿಸಬೇಕು?

ಹೊನ್ನಾವರದಿಂದ ರೋಗಿಯನ್ನು ಹೊತ್ತು ಹೊರಟ ಆಂಬುಲೆನ್ಸ್ 2022ರ ಜುಲೈನಲ್ಲಿ ಶಿರೂರು ಟೋಲ್‌ಗೇಟ್ ಬಳಿ ಉರುಳಿ ನಾಲ್ವರು ಸತ್ತಾಗ, ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಎದ್ದಿತ್ತು. ಬೇಡಿಕೆ ನ್ಯಾಯವಾದುದೇ. ಆದರೆ ತೂಕ ನೋಡಿ, ಇಳಿದಿದ್ದರೆ ಆಹಾರ ಸಲಹೆ ನೀಡಿ, ಮಣಿಪಾಲ, ಹುಬ್ಬಳ್ಳಿ ಅಥವಾ ಬೆಂಗಳೂರಿನ ಕಿದ್ವಾಯಿಯಲ್ಲಿರುವ ಚಿಕಿತ್ಸಕರಿಗೆ ತಿಳಿಸಲು ದೊಡ್ಡ ಕಟ್ಟಡ ಬೇಕಿಲ್ಲ. ಮೂರೂ ತಾಲ್ಲೂಕು ಆಸ್ಪತ್ರೆಗಳು ಅದನ್ನು ನಾಳೆಯಿಂದಲೇ ಮಾಡಬಹುದು.

ಅರ್ಥಶಾಸ್ತ್ರ ಓದಿದವನಾಗಿ ಇನ್ನೊಂದು ಮಾತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಲಭ್ಯ. ಕ್ಷಯರೋಗಿಗಳಿಗೆ ಪೋಷಣೆಗೆಂದೇ 2018ರಿಂದ ತಿಂಗಳಿಗೆ 500 ರೂಪಾಯಿ, 2024ರ ನವೆಂಬರ್‌ನಿಂದ 1,000 ರೂಪಾಯಿ ನೀಡಲಾಗುತ್ತಿದೆ. ಅನ್ನವೂ ಚಿಕಿತ್ಸೆಯ ಅಂಗವೆಂದು ಸರ್ಕಾರ ಒಪ್ಪಿದ ಮೇಲೆ, ಬಡ ಕ್ಯಾನ್ಸರ್ ರೋಗಿಗೂ ಅದೇ ನ್ಯಾಯ ಏಕೆ ಸಲ್ಲಬಾರದು? ಲಕ್ಷಗಟ್ಟಲೆ ಬೆಲೆಯ ಔಷಧವನ್ನು ತಾಳಲಾರದ ದೇಹಕ್ಕೆ ಸುರಿಯುವುದು ಕರುಣೆಯೂ ಅಲ್ಲ, ಮಿತವ್ಯಯವೂ ಅಲ್ಲ.