ಜ್ವರ ಬಂದಾಗ ಊರ ಬಸ್ಸು ಹತ್ತುವ ಮೊದಲು

ಮುಂಗಾರು ಗೋವಾಕ್ಕೆ ಕಾಲಿಟ್ಟಿತೆಂದರೆ ವಾಸ್ಕೋ, ಮಡಗಾಂವ, ಪಣಜಿ, ಮಾಪ್ಸಾ ಬಸ್ ನಿಲ್ದಾಣಗಳಲ್ಲಿ ಒಂದು ನೋಟ ತಪ್ಪದೇ ಕಾಣಸಿಗುತ್ತದೆ. ವಿಜಯಪುರ, ಬಾಗಲಕೋಟೆ, ಗದಗ ಕಡೆಯ ಬಸ್ಸಿಗಾಗಿ ಗಂಟುಮೂಟೆ ಕಟ್ಟಿಕೊಂಡು ಕಾದಿರುವ ಮಂದಿಯ ನಡುವೆ ಒಬ್ಬಿಬ್ಬರು ಚಾದರ ಹೊದ್ದು ಗೋಡೆಗೆ ಆತುಕೊಂಡು ಕುಳಿತಿರುತ್ತಾರೆ. ಕೇಳಿದರೆ, "ಥಂಡಿ ಜ್ವರಾ ಬಂದಾವ್ರಿ, ಊರಿಗೆ ಹೋಗಿ ನಾಕ್ ದಿನಾ ಇದ್ದು ಬರ್ತೀವಿ" ಎನ್ನುತ್ತಾರೆ. ರಕ್ತ ತೋರಿಸಿದಿರಾ ಎಂದರೆ, "ಮೆಡಿಕಲ್‌ನ್ಯಾಗ ಗುಳಿಗಿ ತಗೊಂಡೀವ್ರಿ" ಎಂಬ ಉತ್ತರ.

ಹೀಗೆ ಹೊರಡುವವರನ್ನು ತಪ್ಪಿತಸ್ಥರೆನ್ನಲು ನಮಗೆ ಮನಸ್ಸಿಲ್ಲ. ಐದಾರು ಜನ ಸೇರಿ ಬಾಡಿಗೆಗೆ ಹಿಡಿದ ಖೋಲಿಯಲ್ಲಿ ಗಂಜಿ ಕಾಸಿ ಕೊಡುವವರು ಯಾರು? ಎಲ್ಲರೂ ಬೆಳಿಗ್ಗೆ ಏಳಕ್ಕೇ ಕೆಲಸಕ್ಕೆ ಹೋಗಿರುತ್ತಾರೆ. ಮಲಗಿದವನಿಗೆ ಹಾಜರಿ ಇಲ್ಲ, ಹಾಜರಿ ಇಲ್ಲದಿದ್ದರೆ ಪಗಾರ ಇಲ್ಲ. ದವಾಖಾನೆಗೆ ಹೋದರೆ ಅಲ್ಲಿ ಕೊಂಕಣಿ, ಇಲ್ಲವೇ ಇಂಗ್ಲಿಷ್. ಊರಲ್ಲಾದರೆ ಅವ್ವ ಇದ್ದಾಳೆ, ಕೈಗುಣದ ಡಾಕ್ಟರು ಇದ್ದಾರೆ. ಆದರೂ ಬಸ್ಸು ಹತ್ತುವ ಮೊದಲು ಬೆರಳ ತುದಿಯ ಒಂದು ಹನಿ ರಕ್ತ ಕೊಟ್ಟು ಹೋಗಿ ಎಂದು ಕಳಕಳಿಯಿಂದ ಹೇಳಬೇಕಾಗಿದೆ. ಕಾರಣ ಬರೀ ಜ್ವರ ಬಂದವರೊಬ್ಬರದಲ್ಲ, ಊರಲ್ಲಿ ಇರುವವರದ್ದೂ ಹೌದು.

ಗೋವಾದಲ್ಲಿ ಮಲೇರಿಯಾ ದೊಡ್ಡದಾಗಿ ತಲೆಯೆತ್ತಿದ್ದು 1980ರ ದಶಕದ ನಡುವೆ, ಪಣಜಿಯಲ್ಲಿ ಕಟ್ಟಡಗಳು ಎದ್ದ ಕಾಲಕ್ಕೆ. ಮುಂದೆ ಕಾಂದೋಳಿ, ಕಳಂಗುಟ್, ಮಡಗಾಂವ, ವಾಸ್ಕೋ ಹೀಗೆ ಕಟ್ಟಡ ಹೋದಲ್ಲೆಲ್ಲ ಅದೂ ಹೋಯಿತು. ಇಲ್ಲಿಯ ಸೊಳ್ಳೆ 'ಅನಾಫಿಲಿಸ್ ಸ್ಟೀಫೆನ್ಸಿ'. ಇದು ಗಟಾರದ ಸೊಳ್ಳೆಯಲ್ಲ. ಇದಕ್ಕೆ ತಿಳಿನೀರು ಬೇಕು: ಮುಚ್ಚಳವಿಲ್ಲದ ಟಾಕಿ, ಬಾವಿ, ಲಿಫ್ಟಿನ ಗುಂಡಿ, ಸ್ಲ್ಯಾಬಿನ ಮೇಲೆ ಮಣ್ಣಿನ ಕಟ್ಟೆ ಕಟ್ಟಿ ನಿಲ್ಲಿಸಿದ ಕ್ಯೂರಿಂಗ್ ನೀರು. ಮೊಟ್ಟೆಯಿಂದ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಗಾರೆ ಕೆಲಸದವರು ಅದೇ ಕಟ್ಟಡದ ಕೆಳಗೆ ತಗಡಿನ ಶೆಡ್ಡಿನಲ್ಲಿ ಮಲಗುತ್ತಾರೆ. ಸೊಳ್ಳೆಗೆ ಮನೆಯೂ ಊಟವೂ ಒಂದೇ ಜಾಗದಲ್ಲಿ ಸಿಕ್ಕಂತಾಯಿತು.

'ಹೊರಗಿನ ಕೂಲಿಯವರೇ ಮಲೇರಿಯಾ ತರುತ್ತಾರೆ' ಎಂಬ ಮಾತನ್ನು ನಮ್ಮವರು ಇಲ್ಲಿ ಹಲವು ವರ್ಷಗಳಿಂದ ಕೇಳುತ್ತಲೇ ಬಂದಿದ್ದಾರೆ. ಅರ್ಧ ಮಾತು ನಿಜ. ರೋಗಾಣು ಮನುಷ್ಯನ ರಕ್ತದಲ್ಲಿ ಊರಿಂದೂರಿಗೆ ಪಯಣಿಸುತ್ತದೆ. ಆದರೆ ಸೊಳ್ಳೆಯನ್ನು ಯಾರೂ ಗಂಟಿನಲ್ಲಿ ಕಟ್ಟಿ ತರುವುದಿಲ್ಲ, ಅದು ಇಲ್ಲಿಯ ನೀರಿನಲ್ಲಿ ಹುಟ್ಟಿದ್ದು. ಆ ನೀರು ನಿಲ್ಲಿಸಿದವನು ಬಿಲ್ಡರ್. ಗೋವಾದ 1985ರ ಸಾರ್ವಜನಿಕ ಆರೋಗ್ಯ ಕಾಯ್ದೆಗೆ ಮುಂದೆ ತಿದ್ದುಪಡಿ ತಂದು, ಕಟ್ಟಡ ಕೆಲಸಗಾರರ ರಕ್ತ ಪರೀಕ್ಷೆ ಮಾಡಿಸಿ ಆರೋಗ್ಯ ಕಾರ್ಡ್ ಕೊಡಿಸುವ ಹೊಣೆಯನ್ನೂ, ಸೊಳ್ಳೆ ಹುಟ್ಟದಂತೆ ನೋಡಿಕೊಳ್ಳುವ ಹೊಣೆಯನ್ನೂ ಕೆಲಸ ಮಾಡಿಸುವವರ ಮೇಲೆಯೇ ಹೊರಿಸಲಾಗಿದೆ. ಕಾರ್ಡು ಕೂಲಿಯವನ ಕಿಸೆಯಲ್ಲಿರಬೇಕು. ಅದು ಮುಕಾದಮನ ಚೀಲದಲ್ಲಿ ಕಟ್ಟಾಗಿ ಬಿದ್ದಿದ್ದರೆ ಏನು ಬಂತು? ಕೇಳಿ ಪಡೆಯಿರಿ, ಅವಧಿ ಮುಗಿದರೆ ನವೀಕರಿಸಿಕೊಡಲು ಹೇಳಿ.

ಈಗ ಗುಳಿಗೆಯ ವಿಷಯ. ನಮ್ಮ ಮಂದಿ ಎಡವುವುದು ಇಲ್ಲೇ. ರಕ್ತ ಪರೀಕ್ಷೆಯ ಚೀಟಿಯಲ್ಲಿ ಪಿ.ವಿ. ಎಂದಿದ್ದರೆ ವೈವ್ಯಾಕ್ಸ್, ಪಿ.ಎಫ್. ಎಂದಿದ್ದರೆ ಫಾಲ್ಸಿಪಾರಮ್. ವೈವ್ಯಾಕ್ಸ್‌ಗೆ ಮೂರು ದಿನ ಕ್ಲೋರೋಕ್ವಿನ್, ಜತೆಗೆ 14 ದಿನ ಪ್ರಿಮಾಕ್ವಿನ್ ಕೊಡುತ್ತಾರೆ. ಮೂರನೇ ದಿನಕ್ಕೆ ಜ್ವರ ಇಳಿಯುತ್ತದೆ, ಮೈ ಹಗುರಾಗುತ್ತದೆ. ಉಳಿದ ಗುಳಿಗೆ ಪೊಟ್ಟಣ ಗೋಡೆಯ ಮಾಡಕ್ಕೆ ಹೋಗುತ್ತದೆ. ಆದರೆ ಈ ರೋಗಾಣುವಿನ ಒಂದು ಭಾಗ ಯಕೃತ್ತಿನಲ್ಲಿ ಸದ್ದಿಲ್ಲದೆ ಅಡಗಿ ಕುಳಿತಿರುತ್ತದೆ. ಮೊದಲ ಮೂರು ದಿನದ ಗುಳಿಗೆ ಅದನ್ನು ಮುಟ್ಟುವುದೇ ಇಲ್ಲ, ಅದನ್ನು ಕೊಲ್ಲುವುದು ಪ್ರಿಮಾಕ್ವಿನ್. ಅರ್ಧಕ್ಕೆ ಬಿಟ್ಟರೆ ವಾರಗಳೋ ತಿಂಗಳುಗಳೋ ಕಳೆದ ಮೇಲೆ, ಬಿತ್ತನೆಗೋ ಪಂಚಮಿಗೋ ಊರಿಗೆ ಹೋಗಿದ್ದಾಗ ಮತ್ತೆ ನಡುಕ. ಅಲ್ಲಿ ಯಾರಿಗೂ ಇದು ಗೋವಾದ ಜ್ವರ ಎಂದು ಹೊಳೆಯುವುದಿಲ್ಲ. ಒಂದು ಸೂಜಿ, ಒಂದು ಸಲಾಯಿನ್, ಮನೆಗೆ. ಅಷ್ಟರಲ್ಲಿ ಊರಿನ ಸೊಳ್ಳೆ ಕಚ್ಚಿ ಮನೆಯ ಕೂಸಿಗೋ ಬಸುರಿ ಸೊಸೆಗೋ ದಾಟಿಸಿರುತ್ತದೆ.

14 ದಿನ ಗುಳಿಗೆ ಎಂದರೆ 14 ದಿನ ಹಾಜರಿ ಕಳೆದುಕೊಳ್ಳಬೇಕೆಂದಲ್ಲ. ಜ್ವರ ಇಳಿದು ಮೈಯಲ್ಲಿ ಶಕ್ತಿ ಬಂದ ಮೇಲೆ ಕೆಲಸಕ್ಕೆ ಹೋಗುತ್ತಲೇ, ದಿನಾ ಊಟವಾದ ಮೇಲೆ ಗುಳಿಗೆ ನುಂಗಬಹುದು. ಈ ಒಂದು ಮಾತನ್ನು ಬಿಡಿಸಿ ಹೇಳುವವರಿಲ್ಲದೇ ಎಷ್ಟೋ ಮಂದಿ ಚಿಕಿತ್ಸೆಯನ್ನೇ ಕೈಬಿಡುತ್ತಾರೆ. ಬಸುರಿಯರಿಗೆ ಮತ್ತು ಹಸುಗೂಸುಗಳಿಗೆ ಮಾತ್ರ ಪ್ರಿಮಾಕ್ವಿನ್ ಕೂಡದು. ಹಾಲುಣಿಸುವ ತಾಯಂದಿರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಗುಳಿಗೆ ಶುರುವಾದ ಮೇಲೆ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಅಲ್ಲಿಗೇ ನಿಲ್ಲಿಸಿ ದವಾಖಾನೆಗೆ ಹೋಗಬೇಕು. ಕೆಲವರ ರಕ್ತಕ್ಕೆ ಈ ಔಷಧ ಒಗ್ಗುವುದಿಲ್ಲ. ಒಬ್ಬರಿಗೆ ಕೊಟ್ಟ ಗುಳಿಗೆಯನ್ನು ಖೋಲಿಯ ಇನ್ನೊಬ್ಬರಿಗೆ ಹಂಚುವುದಂತೂ ಬೇಡವೇ ಬೇಡ.

ಫಾಲ್ಸಿಪಾರಮ್ ಆಗಿದ್ದರೆ ಗುಳಿಗೆಯೂ ಬೇರೆ, ತಡ ಮಾಡುವಂತೆಯೂ ಇಲ್ಲ. ಅದು ಒಂದೆರಡು ದಿನದಲ್ಲೇ ಮಿದುಳಿಗೆ ಏರಬಹುದು. ಮಾತು ತಪ್ಪುವುದು, ಮಂಪರು, ಫಿಟ್ಸ್, ಕಣ್ಣು ಹಳದಿಯಾಗುವುದು, ಮೂತ್ರ ಕಡಿಮೆಯಾಗುವುದು, ಏದುಸಿರು, ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಫೋನ್ ಮಾಡಿ. ಅಂಥವರನ್ನು ಅನಮೋಡ ಘಾಟಿನ ತಿರುವುಗಳಲ್ಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ಮಲಗಿಸಿ ಒಯ್ಯುವುದೆಂದರೆ ಜೀವದ ಜತೆ ಆಟವಾಡಿದಂತೆ.

ಎಲ್ಲ ಜ್ವರವೂ ಮಲೇರಿಯಾ ಅಲ್ಲ ಎಂಬುದನ್ನೂ ಹೇಳಬೇಕು. ಡೆಂಗಿಯ ಸೊಳ್ಳೆ ಹಗಲು ಕಚ್ಚುತ್ತದೆ, ಮನೆಯ ಬ್ಯಾರಲ್, ಕೊಡ, ಟೈರು, ತೆಂಗಿನ ಕರಟದಲ್ಲಿ ಹುಟ್ಟುತ್ತದೆ. ಎರಡು ದಿನಕ್ಕೊಮ್ಮೆ ನಲ್ಲಿ ಬರುವ ಬಡಾವಣೆಯಲ್ಲಿ ಬ್ಯಾರಲ್ ಇಡಬೇಡಿ ಎನ್ನಲಾಗದು. ಆದರೆ ವಾರಕ್ಕೊಮ್ಮೆ ಖಾಲಿ ಮಾಡಿ ಒಳಗಿನ ಗೋಡೆಯನ್ನು ತಿಕ್ಕಿ ತೊಳೆಯಿರಿ, ಬಟ್ಟೆ ಕಟ್ಟಿ ಮುಚ್ಚಿ. ನೀರು ಚೆಲ್ಲಿದರಷ್ಟೇ ಸಾಲದು, ಮೊಟ್ಟೆಗಳು ಗೋಡೆಗೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಡೆಂಗಿ ಶಂಕೆ ಇದ್ದಾಗ ಮೈಕೈ ನೋವಿಗೆಂದು ಆಸ್ಪಿರಿನ್, ಬ್ರೂಫೆನ್, ಡೈಕ್ಲೋ ಸೂಜಿ ಬೇಡ, ರಕ್ತಸ್ರಾವ ಹೆಚ್ಚಬಹುದು. ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್, ಗಂಜಿ, ಎಳನೀರು, ಓಆರ್‌ಎಸ್. ಅಪಾಯ ಬರುವುದು ಜ್ವರ ಇಳಿದ ಹೊತ್ತಿಗೆ, ಮೂರರಿಂದ ಏಳನೇ ದಿನದೊಳಗೆ. ತಡೆಯಲಾಗದ ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ ಕಂಡರೆ ಪಪ್ಪಾಯಿ ಎಲೆ ಅರೆಯುತ್ತ ಕೂಡದೆ ಆಸ್ಪತ್ರೆಗೆ ನಡೆಯಿರಿ.

ಸತ್ತರಿ ತಾಲೂಕಿನ ಗೇರು ತೋಟಗಳಿಗೆ ಬೇಸಿಗೆಯಲ್ಲಿ ಬೀಜ ಹೆಕ್ಕಲು ಹೋಗುವ ಕುಟುಂಬಗಳಿಗೆ ಮತ್ತೊಂದು ಎಚ್ಚರಿಕೆ. 1957ರಲ್ಲಿ ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಂಡ ಮಂಗನ ಕಾಯಿಲೆ 2015ರಿಂದ ಸತ್ತರಿಯಲ್ಲೂ ಇದೆ. ಮೈತುಂಬ ಬಟ್ಟೆ ಇರಲಿ, ಸಂಜೆ ಬಿಸಿನೀರು ಹಾಕಿಕೊಂಡು ಉಣ್ಣೆ ಹತ್ತಿದೆಯೇ ನೋಡಿಕೊಳ್ಳಿ. ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಿ.

2018ರಲ್ಲಿ ಗೋವಾದ ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ಹೊರರಾಜ್ಯದವರಿಗೆ ಶುಲ್ಕ ಹಾಕಿದ ಮೇಲೆ ನಮ್ಮವರಲ್ಲಿ ಒಂದು ಅಂಜಿಕೆ ಉಳಿದುಕೊಂಡಿದೆ. ಮಲೇರಿಯಾ ಮಟ್ಟಿಗೆ ಆ ಅಂಜಿಕೆ ಬೇಡ. ರಾಷ್ಟ್ರೀಯ ಕಾರ್ಯಕ್ರಮದಡಿ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಅದರ ರಕ್ತ ಪರೀಕ್ಷೆಯೂ ಉಚಿತ, ಗುಳಿಗೆಯೂ ಉಚಿತ. ಕಿಟ್‌ನಲ್ಲಿ ನೋಡಿದರೆ ಕಾಲು ಗಂಟೆ, ಇಪ್ಪತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ನಡುಕ ಬಂದಾಗಲೇ ರಕ್ತ ತೆಗೆಯಬೇಕೆಂಬುದು ಹಳೆಯ ನಂಬಿಕೆ, ಯಾವ ಹೊತ್ತಿಗಾದರೂ ಆದೀತು. ಒಮ್ಮೆ 'ಇಲ್ಲ' ಎಂದು ಬಂದರೂ ಜ್ವರ ಬಿಡದಿದ್ದರೆ ಒಂದೆರಡು ದಿನ ಬಿಟ್ಟು ಮತ್ತೊಮ್ಮೆ ತೋರಿಸಿ.

ಭಾಷೆಯ ತೊಡಕಿಗೆ ನಮ್ಮ ಕನ್ನಡ ಸಂಘಗಳು ಮನಸ್ಸು ಮಾಡಬೇಕು. ನವೆಂಬರ್ ಬಂದರೆ ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾ ಕರೆಸುವ ಉಮೇದು ನಮ್ಮಲ್ಲಿದೆ, ಒಳ್ಳೆಯದೇ. ಜೂನ್‌ನಲ್ಲಿ ಝುವಾರಿನಗರ, ಬೈನಾದಂಥ ಕಡೆ ಆರೋಗ್ಯ ಕೇಂದ್ರದವರ ಜತೆ ಕನ್ನಡ ಬಲ್ಲ ಇಬ್ಬರು ಹುಡುಗರನ್ನು ಮನೆಮನೆಗೆ ಕಳಿಸಲು ಅಷ್ಟು ಖರ್ಚೂ ಬರುವುದಿಲ್ಲ. ಕನ್ನಡ ಶಾಲೆಯ ಮಕ್ಕಳು ಗುಳಿಗೆಯ ದಿನಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಅಪ್ಪನಿಗೆ ನೆನಪಿಸಿದರೂ ಅರ್ಧ ಕೆಲಸ ಆದಂತೆಯೇ.

ಇಷ್ಟಾಗಿಯೂ ಊರಿಗೆ ಹೋಗಲೇಬೇಕಾದವರಿದ್ದಾರೆ. ಬಿತ್ತನೆ ಕಾಯುವುದಿಲ್ಲ. ಅಂಥವರು ಜ್ವರ ಇಳಿದ ಮೇಲೆ ಹೊರಡಲಿ, ಉಳಿದ ಗುಳಿಗೆಯನ್ನೂ ರಕ್ತದ ಚೀಟಿಯನ್ನೂ ಚೀಲದ ಮೇಲೇ ಇಟ್ಟುಕೊಳ್ಳಲಿ. ಯಾವ ತಾರೀಖಿಗೆ ಗುಳಿಗೆ ಮುಗಿಯುತ್ತದೆಂದು ಚೀಟಿಯ ಹಿಂದೆ ಅಂಕಿಯಲ್ಲಿ ಬರೆಸಿಕೊಳ್ಳಿ, ಅಂಕಿ ಎಲ್ಲರಿಗೂ ಓದಲು ಬರುತ್ತದೆ. ಊರು ಮುಟ್ಟಿದ ದಿನವೇ ಆ ಚೀಟಿಯನ್ನು ಆಶಾ ಕಾರ್ಯಕರ್ತೆಯ ಕೈಗೆ ಕೊಟ್ಟು, ಗೋವಾದಲ್ಲಿ ಜ್ವರ ಬಂದಿತ್ತು ಎಂದು ಹೇಳಿ. ಮನೆಯಲ್ಲಿ ಇನ್ನಾರಿಗಾದರೂ ಮೈ ಬೆಚ್ಚಗಾದರೆ ಅವರ ರಕ್ತ ತೆಗೆಯಲು ಆಕೆಗೆ ಅಷ್ಟು ಸುಳಿವು ಸಾಕು.